ಬಿತ್ತನೆಗೆ ಮುಂಚೆ ಮಾಡತಕ್ಕ ನಿರ್ಣಯ

ಮುಂಗಾರಿನ ಹದ ಬಂದಾಗ ಊರಿನ ಯಜಮಾನರು ನೇಗಿಲು ಹೂಡಿದರೆ ಉಳಿದವರೂ ಹೂಡುವುದು ನಮ್ಮ ಗ್ರಾಮಗಳ ವಾಡಿಕೆ. ಆದುದರಿಂದ ಯಜಮಾನರ ನಿರ್ಣಯವು ಅವರೊಬ್ಬರ ಹೊಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಅದು ತಪ್ಪಿದರೆ ಊರೇ ನಷ್ಟಕ್ಕೆ ಗುರಿಯಾಗುವುದು.

ಕೆಲವು ವರ್ಷಗಳ ಕೆಳಗೆ ಒಂದು ಗ್ರಾಮದ ದೊಡ್ಡ ಹಿಡುವಳಿದಾರರು ತಾವು ಬಹುದಿನ ಮುಂಚೆಯೇ ಸುಲಿದಿಟ್ಟಿದ್ದ ಕಡಲೆಕಾಯಿ ಬೀಜವನ್ನು ನನಗೆ ತೋರಿಸಿದರು. ಬೀಜವು ದಪ್ಪನಾಗಿಯೂ ಹೊಳಪಾಗಿಯೂ ಇದ್ದಿತು. ನಾನು ಅಂಗೈಯಲ್ಲಿಟ್ಟು ನೋಡಿ, ಉತ್ತಮವಾಗಿದೆಯೆಂದು ಹೇಳಿದೆನು. ನನ್ನ ಮಾತನ್ನು ನಂಬಿ ಅವರೂ, ಅವರನ್ನು ನಂಬಿ ನೆರೆಯ ಬಡ ರೈತರೂ ಅದನ್ನೇ ಬಿತ್ತಿದರು. ಅರ್ಧದಷ್ಟೂ ಹುಟ್ಟಲಿಲ್ಲ. ಮರಳಿ ಬಿತ್ತುವ ವೇಳೆಗೆ ಹದ ಆರಿಹೋಗಿತ್ತು. ಹಿಂದಿನ ಬೆಳೆಯ ನೆನಪು, ಬೀಜದ ಅಂದ, ದೊಡ್ಡವರ ಮಾತು, ಈ ಮೂರೂ ಸೇರಿ ನಮ್ಮ ವಿವೇಚನೆಯನ್ನು ಮರೆಸಿದ್ದವು. ಸುಲಿದ ಬೀಜವು ಬಹುಕಾಲ ಉಳಿದರೆ ಅದರ ಜೀವ ಬೇಗನೆ ಕುಂದುವುದು. ಕಣ್ಣಿಗೆ ಅದು ಕಾಣುವುದಿಲ್ಲ.

ಅದನ್ನು ತಿಳಿಯಲು ಎಣಿಕೆಯೇ ಮಾರ್ಗ. ಬಿತ್ತನೆಗೆ ಮೂರು ವಾರ ಮುಂಚೆ, ಚೀಲಗಳ ಮೇಲು, ನಡು, ತಳಗಳಿಂದ ಬೀಜವನ್ನು ತೆಗೆದು ಬೆರೆಸಿ, ಒಳ್ಳೆಯದನ್ನೇ ಆರಿಸದೆ, 100ರಂತೆ ನಾಲ್ಕು ಪಾಲು ಎಣಿಸಿ ತೇವದ ಮರಳಿನಲ್ಲಿ ಊರಬೇಕು. ನೀರು ನಿಲ್ಲಬಾರದು. ಕಡಲೆಕಾಯಿಯಾದರೆ 10ನೆಯ ದಿನ, ಬೇರೂ ಕುಡಿಯೂ ನೆಟ್ಟಗಿರುವ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು. ನಾಲ್ಕು ಪಾಲುಗಳ ಸರಾಸರಿಯೇ ಮೊಳಕೆಯ ಪ್ರಮಾಣ. ಪ್ರಮಾಣಿತ ಬೀಜಕ್ಕೆ ಗೊತ್ತುಮಾಡಿರುವ ಕನಿಷ್ಠ ಮೊಳಕೆಯು ಕಡಲೆಕಾಯಿಗೆ ನೂರಕ್ಕೆ 70, ರಾಗಿಗೆ 75, ಭತ್ತಕ್ಕೆ 80.

ಆದರೆ ಎಣಿಕೆಯೊಂದೇ ಸಾಲದು. 70ಕ್ಕಿಂತ ಕಡಮೆಯಾದರೆ ಬೀಜವನ್ನು ಬದಲಾಯಿಸುವೆನೆಂದು ಎಣಿಸುವುದಕ್ಕೆ ಮುಂಚೆಯೇ ನಿಶ್ಚಯಿಸಿ, ನಾಲ್ವರೆದುರು ಹೇಳಿರಬೇಕು. ಇಲ್ಲವಾದರೆ 55 ಬಂದಾಗ, "ಮರಳಿನಲ್ಲಿ ಏಳದ್ದು ಹೊಲದಲ್ಲಿ ಏಳುವುದು" ಎಂದು ಮನಸ್ಸು ನೆಪ ಹುಡುಕುವುದು. ಹೊಲದಲ್ಲಾದರೋ ಹೆಪ್ಪುಗಟ್ಟಿದ ಮಣ್ಣು, ಹುಳು, ಒಣಹವೆಗಳಿಂದ ಮೊಳಕೆಯು ಸಾಮಾನ್ಯವಾಗಿ ಇನ್ನೂ ಕಡಮೆಯಾಗುವುದು. ಬೀಜಕ್ಕೆ ಹಾಕಿದ ಹಣ ಹೋದರೆ ಒಂದು ನಷ್ಟ. ಆ ಹಣದ ಸಂಕಟದಿಂದ ಹದವನ್ನೂ ಕಳೆದುಕೊಂಡರೆ ಎರಡು.

ಅಂದಿನಿಂದ ನಾನು ಯಾರ ಬೀಜವನ್ನೂ ಅಂಗೈಯಲ್ಲಿ ನೋಡಿ ಅಭಿಪ್ರಾಯ ಹೇಳುವುದಿಲ್ಲ. ಗ್ರಾಮದ ಮುಖಂಡರು ಈ ಪರೀಕ್ಷೆಯನ್ನು ತಮ್ಮ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ನಡೆಯಿಸಬೇಕೆಂದು ಪ್ರಾರ್ಥಿಸುತ್ತೇನೆ. ಹಿಂಬಾಲಿಸುವ ರೈತರು ನಮ್ಮ ಮಾತನ್ನಲ್ಲದೆ ಲೆಕ್ಕವನ್ನು ಹಿಂಬಾಲಿಸುವಂತಾಗಲಿ.