ಸ್ಥಿರತೆಯೂ ಅದರ ಬೆಲೆಯೂ: ಬಿ. ಇ. 2ಸಿ ವಿಮಾನ

ಯಂತ್ರವೊಂದರ ಗುಣದೋಷಗಳನ್ನು ವಿಚಾರಮಾಡುವಾಗ, ಅದು ಯಾವ ಕಾರ್ಯಕ್ಕಾಗಿ ರಚಿತವಾಯಿತೆಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಉದಾಹರಣೆಯಾಗಿ ಮೊದಲನೆಯ ಮಹಾಯುದ್ಧದಲ್ಲಿ ಹಾರಿದ ಬಿ. ಇ. 2ಸಿ ಎಂಬ ಬ್ರಿಟಿಷ್ ವಿಮಾನವನ್ನು ಇಲ್ಲಿ ಪರಿಶೀಲಿಸೋಣ.

ಯುದ್ಧವು ಆರಂಭವಾದಾಗ ಸೇನೆಗೆ ವಿಮಾನವು ಬೇಕಾಗಿದ್ದುದು ಕಾದುವುದಕ್ಕಲ್ಲ, ನೋಡುವುದಕ್ಕೆ. ಶತ್ರುಸೈನ್ಯದ ಚಲನವಲನಗಳನ್ನು ಮೇಲಿನಿಂದ ಕಂಡು ಬರೆದುಕೊಂಡು ಬರುವುದೇ ಅದರ ಕೆಲಸ. ಇಂಗ್ಲೆಂಡಿನ ಫಾರ್ನ್‌ಬರೊ ಕಾರ್ಖಾನೆಯಲ್ಲಿ ಜೆಫ್ರಿ ಡಿ ಹ್ಯಾವಿಲೆಂಡರು ರಚಿಸಿದ ಬಿ. ಇ. 2 ವಿಮಾನವು 1912ರಲ್ಲಿ ಮೊದಲು ಹಾರಿತು. ಒಂದರ ಮೇಲೊಂದಾಗಿ ಎರಡು ಜೊತೆ ರೆಕ್ಕೆಗಳು, ಮರದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ನಡುವೆ ಆನಿಕೆಯ ಕಂಬಗಳು ಮತ್ತು ತಂತಿಗಳು; ಇಷ್ಟೇ ಅದರ ದೇಹ. ಮುಂದೆ ವೀಕ್ಷಕನೂ ಹಿಂದೆ ಚಾಲಕನೂ ಕುಳಿತುಕೊಳ್ಳುತ್ತಿದ್ದರು.

ಅಲ್ಲಿಯೇ ಇದ್ದ ಎಡ್ವರ್ಡ್ ಬಸ್ಕ್ ಎಂಬ ತರುಣ ಇಂಜಿನಿಯರರು, ವಿಮಾನವು ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುವಂತೆ ಮಾಡಲು ಶ್ರಮಿಸಿದರು. ರೆಕ್ಕೆಗಳ ತುದಿಗಳು ಬುಡಕ್ಕಿಂತ ಎತ್ತರವಾಗಿರುವಂತೆ ಅವುಗಳನ್ನು ಓರೆಯಾಗಿ ಜೋಡಿಸಲಾಯಿತು. ಇದರಿಂದೇನಾಯಿತು? ಗಾಳಿಯ ಹೊಡೆತಕ್ಕೆ ವಿಮಾನವು ಒಂದು ಕಡೆ ವಾಲಿದರೆ, ಅದು ಆ ಕಡೆಗೇ ಜಾರುವುದು. ಆಗ ತಗ್ಗಿದ ರೆಕ್ಕೆಗೆ ಗಾಳಿಯ ಆಸರೆಯು ಹೆಚ್ಚಾಗಿ, ಅದು ತಾನಾಗಿಯೇ ಮೇಲೇಳುವುದು. ಚಾಲಕನು ಹಿಡಿಯನ್ನು ಬಿಟ್ಟರೂ ವಿಮಾನವು ನೆಟ್ಟಗೆ ಸಾಗುತ್ತಿದ್ದಿತು. ಬಸ್ಕರಾದರೋ 1914ರ ನವೆಂಬರ್ 5ರಂದು, ತಾವು ಹಾರಿಸುತ್ತಿದ್ದ ಬಿ. ಇ. 2ಸಿ ವಿಮಾನಕ್ಕೆ ಆಕಾಶದಲ್ಲಿಯೇ ಬೆಂಕಿ ತಗುಲಿ ಮೃತಪಟ್ಟರು.

1915ರಲ್ಲಿ ಜರ್ಮನರ ಫಾಕರ್ ವಿಮಾನಗಳು, ತಿರುಗುವ ಪಂಖದ ಅಲಗುಗಳ ನಡುವಿನಿಂದ ಗುಂಡು ಹಾರಿಸುವ ಬಂದೂಕುಗಳೊಡನೆ ಬಂದುವು. ಆಗ ಹಿಂದಿನ ಗುಣವೇ ದೋಷವಾಯಿತು. ಗಾಳಿಗೆ ಬಗ್ಗದ ವಿಮಾನವು ಚಾಲಕನ ಕೈಗೂ ಬೇಗ ಬಗ್ಗದು. ತಟ್ಟನೆ ತಿರುಗಿ ತಪ್ಪಿಸಿಕೊಳ್ಳಲು ಅದಕ್ಕೆ ಸಾಧ್ಯವಾಗಲಿಲ್ಲ. ಮುಂದೆ ಕುಳಿತ ವೀಕ್ಷಕನಿಗೆ ಸುತ್ತಲಿನ ಕಂಬಗಳೂ ತಂತಿಗಳೂ ಅಡ್ಡವಾಗಿ, ಬಂದೂಕನ್ನು ತಿರುಗಿಸುವುದೇ ಕಷ್ಟವಾಯಿತು. ಆದರೂ ಈ ಜಾತಿಯ ವಿಮಾನಗಳು 1917ರ ಏಪ್ರಿಲಿನಲ್ಲಿಯೂ ಶತ್ರುಗಳ ನೆಲದ ಮೇಲೆ ಹಾರುತ್ತಿದ್ದುವು; ಹೋದ ತರುಣರಲ್ಲಿ ಅನೇಕರು ಹಿಂದಿರುಗಲಿಲ್ಲ.

ಆದರೆ ಅದೇ ಸ್ಥಿರತೆಯು ರಾತ್ರಿಯ ಕತ್ತಲೆಯಲ್ಲಿ ಉಪಕಾರಿಯಾಯಿತು. 1916ರ ಸೆಪ್ಟೆಂಬರ್ 3ರ ಮುಂಜಾವದಲ್ಲಿ, ಬಾಂಬು ಹಾಕಲು ಬಂದಿದ್ದ ಜರ್ಮನರ ಆಕಾಶನೌಕೆಯೊಂದನ್ನು ಲೀಫ್ ರಾಬಿನ್ಸನ್ನರು ಬಿ. ಇ. 2ಸಿ ವಿಮಾನದಿಂದಲೇ ಕೆಡವಿದರು.

ಆದುದರಿಂದ ಬಸ್ಕರ ಗಣಿತವು ತಪ್ಪಾಗಿರಲಿಲ್ಲ. ಕಾರ್ಯವು ಬದಲಾದ ಮೇಲೂ ಹಳೆಯ ಉಪಕರಣವನ್ನೇ ಕೊಟ್ಟು ಮನುಷ್ಯರನ್ನು ಕಳುಹಿಸಿದುದು ತಪ್ಪು. ನಮ್ಮ ಮಕ್ಕಳಿಗೆ ವಿಜ್ಞಾನವನ್ನು ಕಲಿಸುವಾಗ, ಯಂತ್ರವು ಹೇಗೆ ನಡೆಯುತ್ತದೆಂಬುದರ ಜೊತೆಗೆ, ಅದನ್ನು ನಂಬಿ ಕುಳಿತವರು ಯಾರೆಂಬುದನ್ನೂ ಕೇಳಲು ಕಲಿಸೋಣ.