ಜೀವಕೋಶಕ್ಕೆ ಬರುವ ಅಪ್ಪಣೆ

ನಮ್ಮ ಶರೀರದ ಕೋಟಿ ಕೋಟಿ ಜೀವಕೋಶಗಳೆಲ್ಲ ತಾಯಿಯ ಗರ್ಭದಲ್ಲಿನ ಒಂದೇ ಕೋಶದಿಂದ ಹುಟ್ಟಿದವು. ಹೆಚ್ಚುಕಡಿಮೆ ಎಲ್ಲವುಗಳಲ್ಲಿಯೂ ಅವೇ ವಂಶವಾಹಿಗಳಿವೆ. ಹಾಗಿದ್ದರೆ ಒಂದು ಕೋಶ ಚರ್ಮವಾಗಿ, ಒಂದು ಎಲುಬಾಗಿ, ಮತ್ತೊಂದು ರಕ್ತವಾಗಿ ಬೆಳೆಯುವುದು ಹೇಗೆ? ಈ ಸಲದ ಪಾಠಕ್ಕೆ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ.

ವಂಶವಾಹಿಗಳನ್ನು ಒಂದು ದೊಡ್ಡ ಪುಸ್ತಕವೆಂದು ತಿಳಿಯೋಣ. ಗಿರಣಿಯ ನೂಲುವ ಖಾತೆ, ನೇಯುವ ಖಾತೆ, ಬಣ್ಣದ ಖಾತೆ ಎಲ್ಲದರಲ್ಲೂ ಆ ಪುಸ್ತಕದ ಪೂರ್ತಿ ಪ್ರತಿಯಿದೆ. ಆದರೆ ಆಯಾ ಖಾತೆಯವರು ತಮಗೆ ಬೇಕಾದ ಪುಟಗಳನ್ನಷ್ಟೇ ತೆರೆಯುತ್ತಾರೆ. ಯಾವ ಪುಟ ತೆರೆಯಬೇಕೆಂಬ ಅಪ್ಪಣೆ ಬಹುಮಟ್ಟಿಗೆ ನೆರೆಯ ಕೋಶಗಳಿಂದ ಬರುತ್ತದೆ. ಅವು ಕಳಿಸಿದ ರಾಸಾಯನಿಕ ಸಂದೇಶವು ಕೋಶದ ಹೊರಮೈಗೆ ಬಂದು ಅಂಟುತ್ತದೆ. ಒಳಗಿನ ಪ್ರೋಟೀನುಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ. ಅಲ್ಲಿ ತಕ್ಕ ವಂಶವಾಹಿಗಳು ತೆರೆಯುತ್ತವೆ, ಇಲ್ಲವೆ ಮುಚ್ಚುತ್ತವೆ.

ಗರ್ಭದಲ್ಲಿ ಕೂಸಿನ ಕೈ ಮೊದಲು ಸವಟಿನಂತೆ ಚಪ್ಪಟೆಯಾಗಿರುತ್ತದೆ. ಆಮೇಲೆ ಬೆರಳುಗಳ ನಡುವಿನ ಕೋಶಗಳಿಗೆ ಸಾಯುವ ಅಪ್ಪಣೆ ಬರುತ್ತದೆ. ಅವು ಅಳಿದು ಬೆರಳುಗಳು ಬಿಡಿಯಾಗುತ್ತವೆ. ಅಂದರೆ ಬೆಳೆಯುವುದಕ್ಕೆ ಮಾತ್ರವಲ್ಲ, ನಿಲ್ಲುವುದಕ್ಕೂ ಅಪ್ಪಣೆ ಬೇಕು.

ನಿಲ್ಲಿಸುವ ಏರ್ಪಾಡು ಕೆಟ್ಟರೆ ಆಗುವ ಅನಾಹುತಕ್ಕೆ ರಕ್ತಕ್ಯಾನ್ಸರಿನ ಒಂದು ಬಗೆಯೇ ಸಾಕ್ಷಿ. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬವರು ಇಂಥ ರೋಗಿಗಳ ರಕ್ತಕೋಶಗಳಲ್ಲಿ ಒಂದು ವರ್ಣತಂತು ಗಿಡ್ಡವಾಗಿರುವುದನ್ನು ಕಂಡರು. ೧೯೭೩ರಲ್ಲಿ ಷಿಕಾಗೋದ ಜಾನೆಟ್ ರೌಲಿಯವರು ಕಾರಣವನ್ನು ತೋರಿಸಿಕೊಟ್ಟರು: ೯ನೆಯ ಮತ್ತು ೨೨ನೆಯ ವರ್ಣತಂತುಗಳ ತುಂಡುಗಳು ಮುರಿದು ಅದಲುಬದಲಾಗಿದ್ದವು. ಹೀಗೆ ಎರಡು ವಂಶವಾಹಿಗಳು ಬೆಸೆದುಕೊಂಡು ಒಂದು ವಿಪರೀತ ಪ್ರೋಟೀನು ಹುಟ್ಟುತ್ತದೆ. ಹೊರಗಿನ ಸಂದೇಶಕ್ಕೆ ಕಾಯದೆ ಅದು ‘ಹೆಚ್ಚಿರಿ, ಹೆಚ್ಚಿರಿ’ ಎಂದು ಅಪ್ಪಣೆ ಕೊಡುತ್ತಲೇ ಇರುತ್ತದೆ. ನೂಲು ಕಡಿದರೂ ನಿಲ್ಲದ ಮಗ್ಗದಂತೆ ಮಜ್ಜೆಯು ಬಿಳಿಯ ರಕ್ತಕೋಶಗಳನ್ನು ಮಿತಿಮೀರಿ ಹುಟ್ಟಿಸುತ್ತದೆ.

೨೦೦೧ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮಾಟಿನಿಬ್ ಎಂಬ ಔಷಧವು ಆ ಪ್ರೋಟೀನು ಶಕ್ತಿ ಪಡೆಯುವ ಜಾಗದಲ್ಲಿ ತಾನೇ ಕುಳಿತು ಅದರ ಬಾಯಿ ಕಟ್ಟುತ್ತದೆ. ಈ ಔಷಧದ ಒಂದು ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು ೨೦೧೩ರ ಏಪ್ರಿಲ್ ೧ರಂದು ನಮ್ಮ ಸುಪ್ರೀಂ ಕೋರ್ಟು ನಿರಾಕರಿಸಿತು. ಭಾರತದ ಕಂಪನಿಗಳು ತಯಾರಿಸುವ ಅಗ್ಗದ ಗುಳಿಗೆಗೆ ಇದರಿಂದ ದಾರಿ ಉಳಿಯಿತು.

ದುಡಿಯುವ ನಮ್ಮವರು ಮೂರು ಮಾತು ನೆನಪಿಡಬೇಕು. ದಣಿವು ಬಹುದಿನ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಎಡಪಕ್ಕೆಯ ಕೆಳಗೆ ಭಾರವೆನಿಸಿದರೆ ರಕ್ತ ಪರೀಕ್ಷೆ ಮಾಡಿಸಬೇಕು. ಎರಡನೆಯದು, ಈ ರೋಗ ಅಂಟುಜಾಡ್ಯವಲ್ಲ, ತಂದೆತಾಯಿಗಳಿಂದ ಇಳಿದು ಬರುವುದೂ ಅಲ್ಲ. ವರ್ಣತಂತುಗಳ ಅದಲುಬದಲು ಹುಟ್ಟಿದ ಮೇಲೆ ಮಜ್ಜೆಯ ಕೋಶದಲ್ಲಿ ಆಗುತ್ತದೆ. ರೋಗಿಯ ಮನೆಯ ಹೆಣ್ಣು ತರಲು ಹಿಂಜರಿಯುವುದು ಅನ್ಯಾಯ. ಮೂರನೆಯದು, ಗುಳಿಗೆಯು ಕೆಟ್ಟ ಅಪ್ಪಣೆಯನ್ನು ಅಡಗಿಸಿ ಹಿಡಿದಿರುತ್ತದೆ. ಮೈ ಹಗುರಾಯಿತೆಂದು ರಜೆಯಲ್ಲಿ ಊರಿಗೆ ಹೋದಾಗ ಬಿಟ್ಟುಬಿಟ್ಟರೆ ಅದು ಮತ್ತೆ ತಲೆಯೆತ್ತಬಹುದು. ವರ್ಷಗಳ ಚಿಕಿತ್ಸೆಯ ಬಳಿಕ ಕೆಲವರಿಗೆ ನಿಲ್ಲಿಸಲು ಸಾಧ್ಯವಾಗುತ್ತದೆ, ನಿಜ. ಆದರೆ ಅದನ್ನು ಪರೀಕ್ಷೆ ಮಾಡಿ ವೈದ್ಯರೇ ಹೇಳಬೇಕು. ಊರಿಗೆ ಹೊರಡುವಾಗ ಟಿಕೆಟಿನ ಜೊತೆಗೆ ಗುಳಿಗೆಯನ್ನೂ ಎಣಿಸಿ ಇಟ್ಟುಕೊಳ್ಳಿರಿ.