ಸ್ಪ್ರಿಂಗಿನ ಮೇಲೊಂದು ಬಿಲ್ಲೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಟ್ರಕ್ಕು ಕೇವಲ ಸರಕು ಸಾಗಿಸುವ ಗಾಡಿಯಲ್ಲ. ಅದು ಮನೆಮಂದಿಯ ವಾಹನವೂ ಹೌದು. 1948ರ ಮಾದರಿಯಾಗಿ ಹೊರಬಂದ ಫೋರ್ಡ್ ಕಂಪೆನಿಯ ಎಫ್ ಶ್ರೇಣಿಯ ಟ್ರಕ್ಕುಗಳ ವಂಶವು ಅಲ್ಲಿ ಇಂದಿಗೂ ಬೆಳೆಯುತ್ತಿದೆ. ಇಂತಹ ಟ್ರಕ್ಕೊಂದು ಬರಿದಾಗಿ ನಿಂತಿರುವಾಗ ಅದನ್ನು ಪಕ್ಕದಿಂದ ನೋಡಿದರೆ, ಹಿಂಭಾಗವು ಮುಂಭಾಗಕ್ಕಿಂತ ಕೆಲವು ಸೆಂಟಿಮೀಟರುಗಳಷ್ಟು ಎತ್ತರದಲ್ಲಿರುವುದು ಸಾಮಾನ್ಯವಾಗಿ ಕಾಣುತ್ತದೆ. ಇದು ತಯಾರಕರ ಕಣ್ತಪ್ಪಲ್ಲ. ಹಿಂದಿನ ತೊಟ್ಟಿಯಲ್ಲಿ ಸರಕನ್ನು ತುಂಬಿದಾಗ ಅಲ್ಲಿಯ ಪಟ್ಟಿ ಸ್ಪ್ರಿಂಗುಗಳು ಬಾಗಿ, ಹಿಂಭಾಗವು ಕೆಳಗಿಳಿಯುತ್ತದೆ. ಹೊರೆ ಹೊತ್ತಾಗ ವಾಹನವು ಸಮತಟ್ಟಾಗಿರಲೆಂದೇ ಬರಿದಾಗಿರುವಾಗ ಅದಕ್ಕೆ ಈ ಓರೆಯನ್ನು ಕೊಟ್ಟಿರುತ್ತಾರೆ.

ಈ ಓರೆ ಅನೇಕ ಒಡೆಯರಿಗೆ ಹಿಡಿಸುವುದಿಲ್ಲ. ಕೆಲವರಿಗೆ ನೋಟದ ಚಿಂತೆ. ಕೆಲವರಿಗೆ ದೊಡ್ಡ ಟೈರುಗಳನ್ನು ಕೂರಿಸುವ ಆಸೆ. ಅವರು ಲೆವೆಲಿಂಗ್ ಕಿಟ್ ಎಂಬ ಸಾಮಗ್ರಿಯನ್ನು ಕೊಂಡು, ರಜಾದಿನದಲ್ಲಿ ಮನೆಯ ಅಂಗಳದಲ್ಲಿಯೇ ಮುಂಭಾಗವನ್ನು ಎತ್ತರಿಸುತ್ತಾರೆ. ಆ ಸಾಮಗ್ರಿಯಲ್ಲಿ ಮುಖ್ಯವಾಗಿರುವುದು ಎರಡು ಲೋಹದ ಬಿಲ್ಲೆಗಳು ಮಾತ್ರ. ಬಿಲ್ಲೆ ಸೇರಿದ ಮೇಲೆ ಸ್ಪ್ರಿಂಗು ಗಟ್ಟಿಯಾಯಿತು, ವಾಹನವು ಇನ್ನಷ್ಟು ಭಾರವನ್ನು ಹೊರಬಲ್ಲದು ಎಂದು ತಿಳಿಯುವವರುಂಟು. ಈ ತಿಳಿವಳಿಕೆ ಸರಿಯೇ ಎಂಬುದನ್ನು ನಾವು ಈಗ ವಿಚಾರಿಸೋಣ.

ಪ್ರಯೋಗಶಾಲೆಯ ಸ್ಪ್ರಿಂಗು ತಕ್ಕಡಿಯೊಂದನ್ನು ಗೂಟಕ್ಕೆ ತೂಗುಹಾಕಿ, ಅದಕ್ಕೆ 500 ಗ್ರಾಂ ಬೊಟ್ಟನ್ನು ಸಿಕ್ಕಿಸೋಣ. ಮುಳ್ಳು 500 ಅನ್ನು ತೋರಿಸುತ್ತದೆ. ಈಗ ತಕ್ಕಡಿಯನ್ನು 2 ಸೆಂಟಿಮೀಟರು ಮೇಲಿರುವ ಮತ್ತೊಂದು ಗೂಟಕ್ಕೆ ಬದಲಾಯಿಸೋಣ. ಬೊಟ್ಟು 2 ಸೆಂಟಿಮೀಟರು ಮೇಲೇರಿತು. ಮುಳ್ಳು ಮಾತ್ರ 500ರಲ್ಲಿಯೇ ನಿಂತಿದೆ. ಸ್ಪ್ರಿಂಗಿನ ಹಿಗ್ಗುವಿಕೆ ಅದರ ಮೇಲಿರುವ ಬಲವನ್ನು ಅನುಸರಿಸುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ಬಲವು ಬದಲಾಗದಿದ್ದರೆ ಸ್ಪ್ರಿಂಗಿನ ಉದ್ದವೂ ಬದಲಾಗದು. ಟ್ರಕ್ಕಿನ ಬಿಲ್ಲೆ ಮಾಡುವುದೂ ಇಷ್ಟೇ. ಅದು ಗೂಟವನ್ನು ಬದಲಾಯಿಸುತ್ತದೆ, ಸ್ಪ್ರಿಂಗನ್ನಲ್ಲ. ಎತ್ತರ ಹೆಚ್ಚುತ್ತದೆ; ಹೊರುವ ಸಾಮರ್ಥ್ಯ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಇಲ್ಲೊಂದು ಸೋಜಿಗವಿದೆ. ಬಿಲ್ಲೆಯ ದಪ್ಪ 2.5 ಸೆಂಟಿಮೀಟರು ಇದ್ದರೂ ಮುಂಭಾಗವು ಸುಮಾರು 5 ಸೆಂಟಿಮೀಟರು ಏರಬಹುದು. ಇದಕ್ಕೆ ಕಾರಣ ಸನ್ನೆಯ ತತ್ತ್ವ. 2004ರ ಮಾದರಿಯಿಂದ ಈಚಿನ ಎಫ್-150 ಟ್ರಕ್ಕುಗಳಲ್ಲಿ ಮುಂದಿನ ಗಾಲಿಯನ್ನು ಎರಡು ತೋಳುಗಳು ಹಿಡಿದಿರುತ್ತವೆ. ಸುರುಳಿ ಸ್ಪ್ರಿಂಗೂ ಅದರೊಳಗಿನ ಆಘಾತಶಾಮಕವೂ ಕೂಡಿದ ಸ್ಟ್ರಟ್ಟು ಎಂಬ ಜೋಡಣೆಯು ಕೆಳತೋಳಿನ ನಡುವೆಲ್ಲೋ ಕುಳಿತಿರುತ್ತದೆ. ತೋಳಿನ ಕೀಲಿನಿಂದ ಗಾಲಿಯ ಕಡೆಯ ತುದಿ 40 ಸೆಂಟಿಮೀಟರು, ಸ್ಟ್ರಟ್ಟು 20 ಸೆಂಟಿಮೀಟರು ದೂರದಲ್ಲಿವೆಯೆಂದು ಭಾವಿಸೋಣ. ಸ್ಟ್ರಟ್ಟಿನ ಬುಡವು 2.5 ಸೆಂಟಿಮೀಟರು ಕೆಳಗೆ ಸರಿದರೆ, ಚಟ್ಟಕ್ಕೆ ಹೋಲಿಸಿದಂತೆ ಗಾಲಿಯು 5 ಸೆಂಟಿಮೀಟರು ಕೆಳಗೆ ಸರಿಯುತ್ತದೆ. ಗಾಲಿ ನೆಲದ ಮೇಲೆಯೇ ಇರುವುದರಿಂದ ಏರುವುದು ಚಟ್ಟ. ಆದರೆ ದೂರ ಅರ್ಧವಾದಲ್ಲಿ ಬಲವು ಇಮ್ಮಡಿಯಾಗಲೇಬೇಕು. ಗಾಲಿಯ ಮೇಲೆ ಬೀಳುವ ಭಾರದ ಎರಡರಷ್ಟನ್ನು ಸ್ಪ್ರಿಂಗು ತಡೆದು ನಿಂತಿರುತ್ತದೆ.

ಈ ಕೊನೆಯ ಮಾತನ್ನು ಕೆಲಸಕ್ಕೆ ಕೈಹಾಕುವವರು ಮರೆಯಬಾರದು. ಗಾಲಿಯನ್ನು ಬಿಚ್ಚಿ ಸ್ಟ್ರಟ್ಟನ್ನು ಹೊರತೆಗೆದಾಗಲೂ ಅದರ ಸ್ಪ್ರಿಂಗು ಬಿಡುವಾಗಿರುವುದಿಲ್ಲ. ತಲೆಯ ನಡುವಿನ ಒಂದೇ ಒಂದು ನಟ್ಟು ಅದನ್ನು ಅದುಮಿ ಹಿಡಿದಿರುತ್ತದೆ. ಸ್ಪ್ರಿಂಗನ್ನು 1 ಮಿಲಿಮೀಟರು ಅದುಮಲು 100 ನ್ಯೂಟನ್ನು ಬಲ ಬೇಕೆಂದೂ, ಅದು 10 ಸೆಂಟಿಮೀಟರು ಅದುಮಿದೆಯೆಂದೂ ಭಾವಿಸಿ, ಅಡಗಿರುವ ಪ್ರಚ್ಛನ್ನ ಶಕ್ತಿಯನ್ನು ಲೆಕ್ಕ ಹಾಕಿದರೆ 500 ಜೌಲು ಬರುತ್ತದೆ. 50 ಕಿಲೋಗ್ರಾಂ ತೂಕದ ಸಿಮೆಂಟು ಚೀಲವು 1 ಮೀಟರು ಎತ್ತರದಿಂದ ಬಿದ್ದಾಗ ಬರುವ ಪೆಟ್ಟಿಗೆ ಇದು ಸಮ. ನಡುವಿನ ನಟ್ಟನ್ನು ಬಿಚ್ಚಿದವನ ಮುಖಕ್ಕೆ ಆ ಪೆಟ್ಟು ಬೀಳುತ್ತದೆ. ಸ್ಟ್ರಟ್ಟಿನ ತಲೆಯ ಮೇಲೆ ಕೂರುವ ಬಿಲ್ಲೆಗೆ ಆ ನಟ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಸುತ್ತಲಿನ ನಟ್ಟುಗಳನ್ನು ಬಿಚ್ಚಿದರೆ ಸಾಕು.

ಕೆಲಸದ ಕ್ರಮ ಹೀಗಿದೆ. ಗಟ್ಟಿಯಾದ ಸಮನೆಲದ ಮೇಲೆ ವಾಹನವನ್ನು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡೆಯನ್ನಿಡಬೇಕು. ಗಾಲಿಯ ನಡುವಿನಿಂದ ಮೇಲಿನ ರೆಕ್ಕೆಯ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಡಬೇಕು. ಜ್ಯಾಕಿನಿಂದ ಚಟ್ಟವನ್ನು ಎತ್ತಿ, ಉಕ್ಕಿನ ಆನಿಕೆಗಳ ಮೇಲೆ ಅದನ್ನು ಇಳಿಸಬೇಕು. ಜ್ಯಾಕು ಎತ್ತುವುದಕ್ಕೆ ಉಂಟೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಅದರೊಳಗಿನ ಎಣ್ಣೆಯನ್ನು ತಡೆದಿರುವ ರಬ್ಬರು ಸೋತರೆ ವಾಹನವು ಕೆಳಗಿರುವವನ ಮೇಲೆ ಇಳಿಯುತ್ತದೆ. ಅನಂತರ ಗಾಲಿಯನ್ನು ತೆಗೆದು, ಓಲಾಟವನ್ನು ತಡೆಯುವ ಸರಳಿನ ಕೊಂಡಿಯನ್ನೂ ಮೇಲ್ತೋಳಿನ ಗುಂಡುಕೀಲನ್ನೂ ಬಿಡಿಸಬೇಕು. ಈಗ ಗಾಲಿಯ ಗುಂಬವು ಬ್ರೇಕಿನ ನಳಿಕೆಯ ಮೇಲೆ ಜೋತುಬೀಳದಂತೆ ಅದನ್ನು ಕಟ್ಟಿ ನಿಲ್ಲಿಸುವುದು ಅವಶ್ಯ. ಸ್ಟ್ರಟ್ಟನ್ನು ಹೊರತೆಗೆದು, ಬಿಲ್ಲೆಯನ್ನು ಬಿಗಿದು, ಬಿಚ್ಚಿದ ಕ್ರಮಕ್ಕೆ ತಿರುಗುಮುರುಗಾಗಿ ಜೋಡಿಸಬೇಕು. ತಯಾರಕರು ಹೇಳಿದಷ್ಟೇ ಬಿಗಿಯನ್ನು ಅಳತೆಯ ಸ್ಪ್ಯಾನರಿನಿಂದ ಕೊಡಬೇಕು. ರಬ್ಬರು ಬುಷ್ಷುಗಳಿರುವ ಬೋಲ್ಟುಗಳಿಗೆ ಕೊನೆಯ ಬಿಗಿಯನ್ನು, ವಾಹನದ ಭಾರವು ಗಾಲಿಗಳ ಮೇಲೆ ಬಿದ್ದಿರುವಾಗ ಕೊಡತಕ್ಕದ್ದು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಒಡೆಯನು ಭಾವಿಸಬಹುದು. ಭೌತಶಾಸ್ತ್ರವು ಹಾಗೆ ಭಾವಿಸುವುದಿಲ್ಲ. ತೋಳುಗಳ ಓರೆ ಬದಲಾದುದರಿಂದ ಗಾಲಿಗಳ ನೇರವೂ ಬದಲಾಗಿದೆ; ಅದನ್ನು ಯಂತ್ರದ ಮೇಲೆ ಸರಿಪಡಿಸದಿದ್ದರೆ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ. ಹಳ್ಳಕ್ಕೆ ಇಳಿದ ಗಾಲಿ ಈಗ ಮೊದಲಿಗಿಂತ 5 ಸೆಂಟಿಮೀಟರು ಹೆಚ್ಚು ಕೆಳಗೆ ಜೋಲುತ್ತದೆ. ಆದುದರಿಂದ ಗುಂಡುಕೀಲುಗಳೂ, ಮುಂದಿನ ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಸಾಗುವ ಟ್ರಕ್ಕುಗಳಲ್ಲಿ ಅದನ್ನು ಸಾಗಿಸುವ ದಂಡದ ಕೀಲುಗಳೂ, ತಮಗೆ ಗೊತ್ತುಮಾಡಿದ ಕೋನವನ್ನು ಮೀರುವ ಸಂಭವವಿದೆ. ಬಿಲ್ಲೆ ದಪ್ಪವಾದಷ್ಟೂ ಈ ಅಪಾಯ ಹೆಚ್ಚು.

ಇನ್ನೊಂದು ಅಪಾಯವು ಒಡೆಯನಿಗೆ ಕಾಣುವುದೇ ಇಲ್ಲ. ಅದು ಕಾಣುವುದು ಎದುರಿನಿಂದ ಬರುವವನಿಗೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 3.6 ಮೀಟರು ಎಂದಿಟ್ಟುಕೊಂಡರೆ, ಮುಂಭಾಗವನ್ನು 5 ಸೆಂಟಿಮೀಟರು ಎತ್ತಿದಾಗ ವಾಹನವು ಸುಮಾರು 0.8 ಡಿಗ್ರಿಯಷ್ಟು ಓರೆಯಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಹೆಡ್‌ಲೈಟಿನ ಕಿರಣವೂ ಇಷ್ಟೇ ಮೇಲಕ್ಕೆ ತಿರುಗಿರುತ್ತದೆ; 25 ಮೀಟರು ದೂರದಲ್ಲಿ ಅದು ಮೊದಲಿಗಿಂತ ಸುಮಾರು 35 ಸೆಂಟಿಮೀಟರು ಮೇಲೆ ಬೀಳುತ್ತದೆ. ದೀಪವೇ ಏರಿದ ಎತ್ತರವನ್ನು ಇದಕ್ಕೆ ಕೂಡಿಸಬೇಕು. ರಸ್ತೆಯನ್ನು ಬೆಳಗಬೇಕಾದ ಬೆಳಕು ಎದುರಿನ ಚಾಲಕನ ಕಣ್ಣನ್ನು ಕುಕ್ಕಬಹುದು. ತೊಟ್ಟಿಯಲ್ಲಿ ಹೊರೆ ತುಂಬಿದರಂತೂ ಹಿಂಭಾಗ ತಗ್ಗಿ, ಕಿರಣವು ಇನ್ನೂ ಮೇಲೇರುತ್ತದೆ. ತಯಾರಕರು ಕೊಟ್ಟಿದ್ದ ಓರೆಯ ಅರ್ಥವು ಆಗ ತಿಳಿಯುತ್ತದೆ. ಬಿಲ್ಲೆ ಕೂರಿಸಿದ ದಿನವೇ ದೀಪಗಳನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ತಗ್ಗಿಸುವುದು ಅನಿವಾರ್ಯ.

ನಮ್ಮ ದೇಶದ ವಾಹನಗಳ ಮೇಲೆ ಇದನ್ನು ಪರೀಕ್ಷಿಸುವ ಉತ್ಸಾಹವುಳ್ಳ ತರುಣರಿಗೆ ಒಂದು ಮಾತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಡೆಯುತ್ತದೆ. ಪರೀಕ್ಷೆಗೆ ಸ್ಪ್ರಿಂಗು ತಕ್ಕಡಿಯೂ ಎರಡು ಗೂಟಗಳೂ ಸಾಕು.

ಕೊನೆಯಲ್ಲಿ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಮೇಲಿನ ಉದಾಹರಣೆಯ ಸ್ಪ್ರಿಂಗು 10ರ ಬದಲು 20 ಸೆಂಟಿಮೀಟರು ಅದುಮಿದ್ದರೆ ಅಡಗಿರುವ ಶಕ್ತಿ ಎಷ್ಟು? ಎರಡರಷ್ಟು ಎಂದು ಉತ್ತರಿಸುವವರು ಸ್ಪ್ಯಾನರನ್ನು ಕೆಳಗಿಟ್ಟು, ಹುಕ್ಕನ ನಿಯಮವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. ಅದು ನಾಲ್ಕರಷ್ಟು.